ಗಟ್ಟಿಯಾದದ್ದು ಸಿಮೆಂಟು ಮಾತ್ರ

(ಮನೆ ಕಟ್ಟಿಸುತ್ತಿರುವ ಮಾವ. ದೆಹಲಿಯಿಂದ ಬಂದ, ನೀತಿ ಸಂಶೋಧಕನಾದ ಸೋದರಳಿಯ.)

ಮಾವ: ಮೂರು ಅಂಗಡಿ ಸುತ್ತಿದೆ ಕಣೋ. ಬ್ರಾಂಡ್ ಮೂರು, ರೇಟು ಒಂದೇ!

ಅಳಿಯ: ರೇಟು ಒಂದೇ ಇದ್ದ ಮಾತ್ರಕ್ಕೆ ಒಳಒಪ್ಪಂದ ಅನ್ನೋಕಾಗಲ್ಲ ಮಾವ. ಸಾಕ್ಷಿ ಬೇಕು.

ಮಾವ: ಕೇಳೋರೇ ಇಲ್ವಾ?

ಅಳಿಯ: ಇದ್ದಾರಲ್ಲ! ಭಾರತೀಯ ಸ್ಪರ್ಧಾ ಆಯೋಗ 2012ರಲ್ಲೇ 11 ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು.

ಮಾವ: ಭೇಷ್! ಕಟ್ಟಿದರಾ?

ಅಳಿಯ: ಮೇಲ್ಮನವಿ ಹಾಕಿದರು. ವಾದ ಕೇಳದ ಅಧ್ಯಕ್ಷರೂ ಆದೇಶಕ್ಕೆ ಸಹಿ ಹಾಕಿದ್ದಾರೆ ಅಂತ 2015ರಲ್ಲಿ ಅದು ರದ್ದಾಯಿತು. 2016ರಲ್ಲಿ ಮತ್ತೆ ದಂಡ. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು. ಆಮೇಲೆ ಸುಪ್ರೀಂ ಕೋರ್ಟು. ಸದ್ಯಕ್ಕೆ ಶೇ. 10 ಠೇವಣಿ ಇಡಿ ಅಂದಿತು.

ಮಾವ: ನಾನೂ ಶೇ. 10 ಕೊಟ್ಟು ಮೂಟೆ ತರಲಾ? ಉಳಿದದ್ದು ತೀರ್ಪು ಬಂದ ಮೇಲೆ!

ಅಳಿಯ: ಅಂಗಡಿಯವನು ಒಪ್ಪಲ್ಲ ಮಾವ.

ಮಾವ: ನಿನ್ನ ಸಂಶೋಧನೆ ಏನು ಹೇಳುತ್ತೆ?

ಅಳಿಯ: ಇನ್ನಷ್ಟು ಅಧ್ಯಯನ ಅಗತ್ಯ ಅಂತ.

ಮಾವ: (ಮೇಸ್ತ್ರಿಯತ್ತ ತಿರುಗಿ) ಗೋಡೆಗೆ ನೀರು ಹೊಡಿಯಪ್ಪಾ! ಸಿಮೆಂಟು 28 ದಿನಕ್ಕೆ ಗಟ್ಟಿಯಾಗುತ್ತೆ. ಕಾನೂನು ಇನ್ನೂ ಹಸಿಯಾಗೇ ಇದೆ.