ಬಾಗಿದ ಉಪ್ಪರಿಗೆ: ಪರೀಕ್ಷೆಯ ಕ್ರಮ

ಮರದ ನೆಲ ಏರುತಗ್ಗಾಗಿದ್ದರೆ ದೋಷ ಹಲಗೆಯದ್ದಿರಬಹುದು, ಹಲಗೆ ಹೊತ್ತ ತೊಲೆಯದ್ದಿರಬಹುದು, ತೊಲೆ ಹೊತ್ತ ಗೋಡೆಯದ್ದೂ ಇರಬಹುದು. ಹಲಗೆಗೆ ಆಚಾರಿ ಸಾಕು. ತೊಲೆ, ಗೋಡೆಗಳಿಗೆ ಎಂಜಿನಿಯರ್ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮುರಕಲ್ಲಿನ ಮನೆಗಳಿಗೆ ಇವರಿಬ್ಬರೂ ಸಾಲುವುದಿಲ್ಲ. ಉಪ್ಪರಿಗೆ ಊರಿನಲ್ಲಿ, ವಾರಸುದಾರರು ದುಬೈ ಮತ್ತು ನ್ಯೂಜೆರ್ಸಿಯಲ್ಲಿ ಇರುವುದರಿಂದ ವಾಟ್ಸಾಪ್ ಗುಂಪಿನ ಅನುಮತಿಯೂ ಬೇಕು.

ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಮಳೆಗಾಲದಲ್ಲಿ ಹಲಗೆ ತೇವ ಹೀರಿ ಉಬ್ಬುತ್ತದೆ, ಅಂಚು ಮೇಲೇಳುತ್ತದೆ. ಒಣಹವೆಯಲ್ಲಿ ಕುಗ್ಗಿ ಹೆಚ್ಚುಕಡಿಮೆ ಮಟ್ಟಕ್ಕೆ ಬರುತ್ತದೆ. ಗಲ್ಫ್ ಶಾಲೆಗಳ ರಜೆ ಜುಲೈ, ಆಗಸ್ಟ್‌ನಲ್ಲಿ. ಹಾಗಾಗಿ ದುಬೈಯ ಅಣ್ಣ ಆಟಿಯ ಮಳೆಯಲ್ಲಿ ಬಂದು, ಎಡವಿ, "ಮನೆ ಬೀಳುತ್ತದೆ" ಎಂದು ಸಾರುತ್ತಾನೆ. ಕ್ರಿಸ್ಮಸ್ ರಜೆಗೆ ಬರುವ ನ್ಯೂಜೆರ್ಸಿಯ ತಮ್ಮ, "ಎಂತದೂ ಆಗ್ಲಿಲ್ಲ ಅಣ್ಣ, ನೀನು ಸುಮ್ಮನೆ ಹೆದರುವುದು" ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಋತುವಿನೊಂದಿಗೆ ಬಂದು ಹೋಗುವ ಉಬ್ಬು ಹಲಗೆಯದ್ದು; ಡಿಸೆಂಬರಿನಲ್ಲೂ ಉಳಿಯುವ ತಗ್ಗು ತೊಲೆಯದ್ದು ಅಥವಾ ಗೋಡೆಯದ್ದು. ಇದನ್ನು ತಿಳಿಯಲು ಒಂದೇ ಜಾಗವನ್ನು ಎರಡು ಕಾಲದಲ್ಲಿ ಅಳೆಯಬೇಕು. ಆದರೆ ಎರಡೂ ಕಾಲದಲ್ಲಿ ಊರಿನಲ್ಲಿರುವವರು ಅಮ್ಮ ಒಬ್ಬರೇ. ಅವರನ್ನು ಯಾರೂ ಕೇಳಿರುವುದಿಲ್ಲ.

ಅಳೆಯುವುದು ಸುಲಭ. ಗೋಲಿ ಬಿಟ್ಟರೆ ಇಳಿಜಾರು ಯಾವ ಕಡೆ ಎಂದು ತಿಳಿಯುತ್ತದೆ, ಎಷ್ಟು ಎಂದು ತಿಳಿಯುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಗೋಲಿ ಕಾಣುವುದೂ ಇಲ್ಲ. ಗೋಡೆಯಿಂದ ಗೋಡೆಗೆ ದಾರ ಬಿಗಿದು ನಡುವಿನ ತಗ್ಗನ್ನು ಸ್ಕೇಲಿನಲ್ಲಿ ಅಳೆಯಬೇಕು. ಗೋಡೆಯೇ ಕುಸಿದಿದೆಯೋ ಎಂದು ನೋಡಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಅಮೆರಿಕದ ನಿಯಮದಂತೆ ಜನರ ಓಡಾಟದ ಭಾರಕ್ಕೆ ತೊಲೆ ತನ್ನ ಉದ್ದದ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಾಗಬಾರದು. ಅಂದರೆ 12 ಅಡಿಗೆ ಸುಮಾರು 10 ಮಿ.ಮೀ. ತಮ್ಮ ಇದನ್ನು ಅಜ್ಜನ ತೊಲೆಗೂ ಅನ್ವಯಿಸುತ್ತಾನೆ. ಅದು ಹೊಸ ಮನೆ ಕಟ್ಟುವವರ ಲೆಕ್ಕ. ದಶಕಗಟ್ಟಲೆ ಭಾರ ಹೊತ್ತ ಮರ ಕಾಯಂ ಬಾಗಿರುತ್ತದೆ. ಅದು ಇನ್ನೂ ಬಾಗುತ್ತಿದೆಯೇ ಎಂಬುದು ಮುಖ್ಯ.

ಬಳಿಕ ತೊಲೆಯ ತುದಿ ನೋಡಬೇಕು. ತೊಲೆ ಗೋಡೆಯೊಳಗೆ ಹೊಗುವಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಸುಲಭವಾಗಿ ಇಳಿದರೆ ಮರ ಕೊಳೆತಿದೆ. ಸಣ್ಣ ತೂತು ಮತ್ತು ಹಿಟ್ಟು ಕಂಡರೆ ಕುಟ್ಟೆ, ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೋಡೆಯಲ್ಲಿ ಕಲ್ಲಿನ ಸಂದಿಗುಂಟ ಮೆಟ್ಟಿಲಿನಂತೆ ಏರುವ ಬಿರುಕು ಪಂಚಾಂಗ (ಅಡಿಪಾಯ) ಕುಸಿದಿರಬಹುದೆಂಬ ಸೂಚನೆ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿಡಬೇಕು. ಒಂದು ಮಳೆಗಾಲದಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ.

ಕಾರಣ ಬಹುಪಾಲು ನೀರೇ. ಬಂಟ್ವಾಳದಲ್ಲಿ ಅದು ಕೆಳಗಿನಿಂದ ಬರುತ್ತದೆ: ನೇತ್ರಾವತಿಯ 1923 ಮತ್ತು 1974ರ ನೆರೆ ಪೇಟೆಗೇ ನುಗ್ಗಿತ್ತು. ಘಟ್ಟದ ಬುಡದ ಬೆಳ್ತಂಗಡಿಯಲ್ಲಿ ಮೇಲಿನಿಂದ: ಒಂದು ಹಂಚು ಸರಿದರೆ ಸಾಕು. ಮೂಡುಬಿದಿರೆಯ ನೆಂಟರು, "1430ರ ಸಾವಿರ ಕಂಬದ ಬಸದಿ ನಿಂತಿಲ್ಲವಾ ಮಾರಾಯ್ರೆ" ಎಂದು ಧೈರ್ಯ ಹೇಳುತ್ತಾರೆ. ಕಲ್ಲಿನ ಮೇಲೆ ಮರದ ಅಂತಸ್ತಿರುವ ಆ ಬಸದಿಗೆ ಇಳಿಜಾರು ಮಾಡು ಇದೆ, ದಿನಾ ಬಾಗಿಲು ತೆರೆಯುವವರಿದ್ದಾರೆ. ಬೀಗ ಹಾಕಿದ ಉಪ್ಪರಿಗೆಗೆ ಗಾಳಿಯಿಲ್ಲ. ಹುಳವನ್ನು ದೂರವಿಡುತ್ತಿದ್ದ ಒಲೆಯ ಹೊಗೆಯೂ ಇಲ್ಲ. ಇರುವುದು ವಿದೇಶದಿಂದ ತಂದ ಪೆಟ್ಟಿಗೆಗಳು, ಕಬ್ಬಿಣದ ಕಪಾಟು ಮತ್ತು ಯಾರೂ ಓಡದ ಟ್ರೆಡ್‌ಮಿಲ್. ಇವು ಕೋಣೆಯ ನಡುವೆ ಇದ್ದರೆ ತೊಲೆಗೆ ಬಹಳ ಕಷ್ಟ, ಗೋಡೆಯ ಬದಿಗೆ ಸರಿಸಿದರೆ ಕಡಿಮೆ.

ದುರಸ್ತಿಗೂ ಕ್ರಮವಿದೆ. ಮೊದಲು ಕೆಳಗಿನಿಂದ ಆಧಾರ ಕಂಬ ಕೊಡಬೇಕು, ಬಳಿಕ ಹಂಚು ಮತ್ತು ಚರಂಡಿ ಸರಿಪಡಿಸಬೇಕು, ಆಮೇಲೆ ತೊಲೆಯ ಕೊಳೆತ ತುದಿ ಕೊಯ್ದು ಹೊಸ ಮರ ಜೋಡಿಸಬೇಕು, ಕೊನೆಗೆ ಹಲಗೆ. ಬಾಗಿದ್ದನ್ನು ಜಾಕ್ ಇಟ್ಟು ಒಂದೇ ದಿನದಲ್ಲಿ ಎತ್ತಿದರೆ ಗೋಡೆ ಬಿರಿಯುತ್ತದೆ. ರಜೆ ಮುಗಿಯುವುದರೊಳಗೆ ಆಗಬೇಕೆಂಬ ಒತ್ತಾಯಕ್ಕೆ ಮರ ಮಣಿಯುವುದಿಲ್ಲ. ಆ ಬಳಿಕ ವಾರಕ್ಕೊಮ್ಮೆ ಕಿಟಕಿ ತೆರೆಯಲು, ಮೇ ತಿಂಗಳಲ್ಲಿ ಹಂಚು ನೋಡಲು ಊರಿನಲ್ಲಿ ಒಬ್ಬರಿಗೆ ಬೀಗದ ಕೈ ಕೊಡಬೇಕು. ಯಾರಿಗೆ ಎಂಬ ಪ್ರಶ್ನೆಗೆ ಎಂಜಿನಿಯರರು ಉತ್ತರಿಸುವುದಿಲ್ಲ.