ಕೋಟು ತೊಟ್ಟ ಕ್ರಿಯಾಪದ

ಇಂಗ್ಲಿಷಿನಲ್ಲಿ ‘ಕಂಪೋರ್ಟ್’ ಎಂಬ ಕ್ರಿಯಾಪದವೊಂದಿದೆ. ಹಟಮಾರಿ ಮಗುವನ್ನು ಗದರಲು ಇಂಗ್ಲಿಷ್ ತಾಯಿಗೆ ‘ಬಿಹೇವ್’ ಸಾಕು. ರಾಯಭಾರಿ ಔತಣದಲ್ಲಿ ಗಂಭೀರವಾಗಿ ನಡೆದುಕೊಂಡರು, ಆರೋಪಿ ಕಟಕಟೆಯಲ್ಲೂ ಘನತೆ ಬಿಡಲಿಲ್ಲ ಎಂದೆಲ್ಲ ಬರೆಯಬೇಕಾದಾಗ ಮಾತ್ರ ಕಂಪೋರ್ಟನ್ನು ಟ್ರಂಕಿನಿಂದ ಹೊರತೆಗೆಯುತ್ತಾರೆ, ಮದುವೆಗೆಂದು ಮಡಿಸಿಟ್ಟ ಕೋಟಿನ ಹಾಗೆ. ಬಂದರೂ ಒಂಟಿಯಾಗಿ ಬರುವ ಗಿರಾಕಿಯಲ್ಲ. ಹಿಂದೆ ‘ತನ್ನನ್ನು’ ಎಂಬುದೊಂದು ಬೇಕು, ಪಕ್ಕದಲ್ಲಿ ‘ಸಂಯಮದಿಂದ’ ಎಂಬಂಥದ್ದು ಇನ್ನೊಂದು ಬೇಕು. ಬಿಹೇವ್‌ಗೆ ಆ ರಗಳೆಯಿಲ್ಲ. ಬರಿಗೈಯಲ್ಲಿ ಬಂದರೂ ‘ನೆಟ್ಟಗಿರು’ ಎಂಬ ಅರ್ಥ ಕೊಟ್ಟೇ ಹೋಗುತ್ತದೆ.

ಬೇರು ಲ್ಯಾಟಿನ್ನಿನ ‘ಪೋರ್ಟಾರೆ’, ಅಂದರೆ ಹೊರುವುದು. ರೈಲು ನಿಲ್ದಾಣದ ಪೋರ್ಟರು, ಇಂಪೋರ್ಟು, ಎಕ್ಸ್‌ಪೋರ್ಟು ಎಲ್ಲ ಒಂದೇ ಮನೆತನ. ಆ ಲೆಕ್ಕದಲ್ಲಿ ತನ್ನನ್ನು ಕಂಪೋರ್ಟ್ ಮಾಡಿಕೊಳ್ಳುವವನು ತನಗೆ ತಾನೇ ಹಮಾಲಿ. ಸಭೆಯಲ್ಲಿ ಬೆನ್ನು ಸೆಟೆಸಿ ಕೂತ ದೊಡ್ಡವರ ಮುಖದ ದಣಿವು ಕಂಡಾಗ ಈ ವ್ಯುತ್ಪತ್ತಿ ಸರಿಯೆನ್ನಿಸುತ್ತದೆ. ತಮಾಷೆಯೆಂದರೆ, ಇದೇ ಪದ ಫ್ರೆಂಚರಿಗೆ ತೀರ ದಿನಬಳಕೆಯದು. ಮಕ್ಕಳ ವರ್ತನೆಗೂ ಅದೇ, ಪ್ರಯೋಗಾಲಯದ ಇಲಿಯ ವರ್ತನೆಗೂ ಅದೇ. ಕೋಟು ಕಡಲ್ಗಾಲುವೆಯ ಇಂಗ್ಲೆಂಡಿನ ದಡದಲ್ಲಿ ಹೊಲಿಸಿದ್ದು.

ಹೀಗೆ ತಮ್ಮನ್ನು ಹೊತ್ತುಕೊಂಡೇ ಬದುಕಿದವರಲ್ಲಿ ನನಗೆ ಮೆಚ್ಚಿನವನು ಹದಿನೆಂಟನೇ ಶತಮಾನದ ಲಾರ್ಡ್ ಚೆಸ್ಟರ್‌ಫೀಲ್ಡ್. ತಾನು ಹೊತ್ತದ್ದು ಸಾಲದೆಂದು ಮಗ ಫಿಲಿಪ್‌ನ ತಲೆಗೂ ಹೊರಿಸಿದ. ಸುಮಾರು ಮೂವತ್ತು ವರ್ಷ ಅವನಿಗೆ ಕಾಗದ ಬರೆದ. ನಾಲ್ಕು ಜನರಿರುವ ಕೋಣೆಗೆ ಹೇಗೆ ಕಾಲಿಡಬೇಕು, ಹಲ್ಲು ಹೇಗೆ ತೊಳೆಯಬೇಕು, ಎಲ್ಲಕ್ಕೂ ಅಪ್ಪಣೆ. ಸದ್ದು ಮಾಡಿ ನಗುವುದು ಅವನ ಪ್ರಕಾರ ಒರಟರ ಕೆಲಸ. ಸಭ್ಯರಿಗೆ ಮುಗುಳ್ನಗೆಯೇ ಧಾರಾಳ. ಪಾಪ, ಮಗ ಸಂಕೋಚದ ಮುದ್ದೆಯಾಗಿಯೇ ಉಳಿದ. 1768ರಲ್ಲಿ ಅವನು ತೀರಿಕೊಂಡ ಮೇಲೆ ಅಪ್ಪನಿಗೆ ಗೊತ್ತಾಯಿತು: ಮಗ ಗುಟ್ಟಾಗಿ ಮದುವೆಯಾಗಿದ್ದಾನೆ, ತನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ! ಅಷ್ಟು ಪತ್ರವ್ಯವಹಾರದ ನಡುವೆ ಈ ಚಿಕ್ಕ ಸಮಾಚಾರ ತಿಳಿಸಲು ಮಗನಿಗೆ ಧೈರ್ಯ ಬಂದಿರಲಿಲ್ಲ. ಮುದುಕನನ್ನು ನಾನು ಮೆಚ್ಚುವುದು ಇಲ್ಲೇ. ಕೂಗಾಡಲಿಲ್ಲ, ಮೊಮ್ಮಕ್ಕಳ ಓದಿನ ಹೊಣೆ ಹೊತ್ತುಕೊಂಡ. ಕಂಪೋರ್ಟ್ ಎಂಬ ಪದಕ್ಕೆ ಆ ಮನೆಯಲ್ಲಿ ಸಿಕ್ಕ ನಿಜವಾದ ಉದಾಹರಣೆ ಬಹುಶಃ ಅದೊಂದೇ.

ಚೆಸ್ಟರ್‌ಫೀಲ್ಡ್ ಸತ್ತ ಮರುವರ್ಷ, 1774ರಲ್ಲಿ, ಸೊಸೆ ಯೂಜೀನಿಯಾ ಮಾವನ ಕಾಗದಗಳನ್ನೆಲ್ಲ ಪುಸ್ತಕ ಮಾಡಿಸಿದಳು. ಮನೆತನದ ಮರ್ಯಾದೆ ಪುಸ್ತಕದಂಗಡಿಯಲ್ಲಿ ಬಿಕರಿಗೆ ಬಂತು. ನಿಘಂಟುಕಾರ ಜಾನ್ಸನ್‌ಗೆ ಅದು ಹಬ್ಬ. 1755ರಲ್ಲಿ ತನ್ನ ನಿಘಂಟು ಹೊರಬರುವ ಹೊತ್ತಿಗೆ ಮೆಚ್ಚುಗೆ ಸೂಸಲು ಬಂದ ಚೆಸ್ಟರ್‌ಫೀಲ್ಡ್‌ಗೆ, ಮುಳುಗುವಾಗ ಕೈಕೊಡದೆ ದಡ ಸೇರಿದ ಮೇಲೆ ನೆರವಿಗೆ ಬಂದಿರಿ ಎಂದು ಕಾಗದದಲ್ಲೇ ಬಾರಿಸಿದ್ದ ಮನುಷ್ಯ ಅವನು. ಈ ಪುಸ್ತಕ ಕಲಿಸುವುದು ಸೂಳೆಯ ನೀತಿ, ನಾಟ್ಯದ ಮೇಷ್ಟರ ರೀತಿ ಎಂದ. ಹಾಗೆಂದವನ ಊಟದ ಶೈಲಿಯೋ, ಎದುರು ಕೂತವರು ತಟ್ಟೆ ಬಿಟ್ಟು ಅವನನ್ನೇ ನೋಡುವಂತಿತ್ತಂತೆ.

ಕಂಪೋರ್ಟ್ ನಮ್ಮವರೆಗೆ ಬರಲಿಲ್ಲ. ಬಂದದ್ದು ಅದರ ಗುಮಾಸ್ತ ದಾಯಾದಿ ‘ಕಾಂಡಕ್ಟ್’. ಸರ್ಕಾರಿ ನೌಕರರಿಗೆ ಅದರ ಹೆಸರಲ್ಲಿ 1964ರ ಕೇಂದ್ರ ನಿಯಮಾವಳಿಯೇ ಇದೆ. ಶಾಲೆ ಬಿಡುವ ಮಕ್ಕಳಿಗೆ ಟಿ.ಸಿ.ಯಲ್ಲೊಂದು ಕಾಲಂ. ಆ ಕಾಲಮ್ಮಿನಲ್ಲಿ ಹೆಡ್‌ಮೇಷ್ಟ್ರು ಬರೆಯುವುದು ‘ಉತ್ತಮ’ ಇಲ್ಲವೇ ‘ತೃಪ್ತಿಕರ’. ಕಿಟಕಿ ಗಾಜು ಒಡೆದವನಿಗೂ ಅಷ್ಟೇ, ಒಡೆದವನ ಹೆಸರು ಹೇಳಿದವನಿಗೂ ಅಷ್ಟೇ. ಫಿಲಿಪ್ ನಮ್ಮ ಕಡೆ ಓದಿದ್ದರೆ ಅವರಪ್ಪನಿಗೆ ಅಷ್ಟೊಂದು ಕಾಗದ, ಮಸಿ ದಂಡವಾಗುತ್ತಿರಲಿಲ್ಲ.