ಸರ್ವರ್ ರಸಿಕರು

ಸರ್ವರ್ ರಸಿಕರು ಬೆಂಗಳೂರಿನ ಜಯನಗರ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಕಾಣಸಿಗುವ ಸಂಗೀತಪ್ರಿಯರ ಒಂದು ಪ್ರಭೇದ. ಹೆಚ್ಚಾಗಿ ಗಂಡಸರು, ಐವತ್ತರ ಆಸುಪಾಸಿನವರು, ಸಾಫ್ಟ್‌ವೇರಿನಲ್ಲಿ ದುಡಿದು ದಣಿದವರು. ಮನೆಯ ಕ್ಯಾಸೆಟ್ಟು, ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ದೇವರಮನೆಯ ಪಕ್ಕದ ಗೂಡಿನಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಡಬ್ಬಿಯೊಂದರಲ್ಲಿ ಕೂಡಿಟ್ಟಿರುತ್ತಾರೆ. ಅದು ಸರ್ವರ್. ಅದರಿಂದ ಹಾಡು ತರಿಸಿಕೊಂಡು ಹಾಲ್‌ನ ಆಂಪ್ಲಿಫೈಯರಿಗೆ ಒಪ್ಪಿಸುವುದು ಸ್ಟ್ರೀಮರ್. ಯಾವ ಹಾಡು ಎಂದು ಅಪ್ಪಣೆ ಕೊಡುವುದು ಫೋನಿನ ಆ್ಯಪ್. ಈ ಮೂವರ ಮಾತುಕತೆಯೆಲ್ಲ ರೌಟರಿನ ಮೂಲಕವೇ ಆಗಬೇಕು.

"ಹಾಡು ನಮ್ಮದಾಗಿರಬೇಕು, ಬಾಡಿಗೆಯದಲ್ಲ" ಎಂಬುದು ಇವರ ಮೊದಲ ಸಿದ್ಧಾಂತ. ಎರಡನೆಯದನ್ನು ಕಾಫಿ ಆರುವವರೆಗೂ ಹೇಳುತ್ತಾರೆ: "ಇಂಟರ್‌ನೆಟ್ ಬೇರೆ, ಮನೆಯೊಳಗಿನ ನೆಟ್‌ವರ್ಕ್ ಬೇರೆ ಸ್ವಾಮಿ. ಹೊರಗಿನ ಲೈನ್ ಹೋದರೂ ನಮ್ಮ ಹಾಡು ನಿಲ್ಲೋಲ್ಲ." ತಾಂತ್ರಿಕವಾಗಿ ಇದು ಸರಿ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಗುಣ ಕೆಡದಂತೆ ಕುಗ್ಗಿಸಿದ ಫ್ಲಾಕ್ ಕಡತವಾದರೆ ಇನ್ನೂ ಕಡಿಮೆ. ಮನೆಯ ಸಾಧಾರಣ ವೈಫೈಗೂ ಇದೊಂದು ಭಾರವಲ್ಲ.

ಈ ಎರಡನೆಯ ಸಿದ್ಧಾಂತದ ಪರೀಕ್ಷೆ ನಡೆಯುವುದು ಹಬ್ಬದ ದಿನ. ಒಮ್ಮೆ ಇಂಥ ರಸಿಕರೊಬ್ಬರ ಮನೆಯಲ್ಲಿ ವರಮಹಾಲಕ್ಷ್ಮಿ ವ್ರತದ ಸಂಜೆ, ಹಾಲ್ ತುಂಬ ಮುತ್ತೈದೆಯರು. "ಭೀಮಸೇನ ಜೋಶಿಯವರ ಭಾಗ್ಯದ ಲಕ್ಷ್ಮಿ ಹಾಕಪ್ಪ" ಎಂದು ಅಮ್ಮ ಕೇಳಿದರು. ಬೀದಿಯಲ್ಲಿ ಚರಂಡಿ ಅಗೆಯುತ್ತಿದ್ದ ಜೆಸಿಬಿ ಮಧ್ಯಾಹ್ನವೇ ಹೊರಗಿನ ಲೈನಿನ ಕೇಬಲ್ ಕಿತ್ತುಹಾಕಿತ್ತು. ಹಾಡು ಹತ್ತು ಅಡಿ ದೂರದ ಡಿಸ್ಕಿನಲ್ಲೇ ಇದೆ. ಆದರೆ ಆ್ಯಪ್ ಮತ್ತೆ ಲಾಗಿನ್ ಆಗಿ ಎಂದು ಹಟ ಹಿಡಿಯಿತು, ಲಾಗಿನ್ ಒಪ್ಪಬೇಕಾದ ಯಂತ್ರವೋ ಸಮುದ್ರದಾಚೆ. ರಸಿಕರು ರೌಟರನ್ನು ಆರಿಸಿ ಹಚ್ಚಿದರು. ಅದು ಸರ್ವರಿಗೆ ಹೊಸ ವಿಳಾಸ ಹಂಚಿತು. ಸ್ಟ್ರೀಮರ್ ಮಾತ್ರ ಖಾಲಿಯಾದ ಬಾಡಿಗೆ ಮನೆಯ ಬಾಗಿಲು ತಟ್ಟುವ ನೆಂಟನಂತೆ ಹಳೆಯ ವಿಳಾಸದಲ್ಲೇ ಹುಡುಕುತ್ತಿತ್ತು. ರಸಿಕರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಸೋಫಾದ ಹಿಂದೆ ತೂರಿದರು. ಕೋಸಂಬರಿಯ ದೊನ್ನೆ ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಟಾರ್ಚ್ ಬಿಟ್ಟವರು ಪ್ರಸ್ತುತ ಲೇಖಕರೇ. ಅವರ ತಾಂತ್ರಿಕ ಜ್ಞಾನಕ್ಕೆ ಅಷ್ಟೇ ಯೋಗ್ಯತೆ. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಮೊಬೈಲ್ ಡೇಟಾದಲ್ಲಿ ಯೂಟ್ಯೂಬ್ ಹಚ್ಚಿದರು. ಮೊದಲು ಒಡವೆ ಅಂಗಡಿಯ ಜಾಹೀರಾತು, ಆಮೇಲೆ ಜೋಶಿಯವರು. ಆರತಿ ಸಾಂಗವಾಗಿ ಮುಗಿಯಿತು. "ಆ ಫೋನ್ ಸ್ಪೀಕರಿನಲ್ಲಿ ತಂಬೂರಿ ಎಲ್ಲಿ ಕೇಳಿಸುತ್ತೆ?" ಎಂದು ಸೋಫಾದ ಹಿಂದಿನಿಂದ ದನಿ ಬಂತು.

ತಪ್ಪೆಲ್ಲ ರಸಿಕರದಲ್ಲ. ಲಾಜಿಟೆಕ್ 2006ರಲ್ಲಿ ಕೊಂಡ ಸ್ಕ್ವೀಝ್‌ಬಾಕ್ಸ್ ಎಂಬ ಸ್ಟ್ರೀಮರಿನ ತಯಾರಿಕೆ 2012ರಲ್ಲಿ ನಿಂತಿತು. ಅದಕ್ಕೆ ಬೆಂಬಲವಾಗಿದ್ದ ಆನ್‌ಲೈನ್ ಸೇವೆಯೂ 2024ರಲ್ಲಿ ಬಾಗಿಲು ಹಾಕಿತು. ಮನೆಯಲ್ಲೇ ಸರ್ವರ್ ನಡೆಸುತ್ತಿದ್ದವರ ಪೆಟ್ಟಿಗೆಗಳು ಮಾತ್ರ ಹಾಡುತ್ತಲೇ ಉಳಿದವು. ಮನೆಯ ಹಾಡುಗಳನ್ನು ನಿರ್ವಹಿಸುವ ರೂನ್ ತಂತ್ರಾಂಶ 2022ರ ಎರಡನೇ ಆವೃತ್ತಿಯಲ್ಲಿ ಇಂಟರ್‌ನೆಟ್ ಸದಾ ಇರಲೇಬೇಕೆಂದು ವಿಧಿಸಿ, ಬಳಕೆದಾರರು ಗಲಾಟೆ ಎಬ್ಬಿಸಿದ ಮೇಲೆ ಪಟ್ಟು ಸಡಿಲಿಸಿತು. ಸ್ವಂತ ಡಿಸ್ಕಿನ ಹಾಡಿಗೆ ಊರಾಚೆಯವರ ಅಪ್ಪಣೆ ಕೇಳುವುದು ಅನ್ಯಾಯವೆಂದು ಇವರು ಸಿಡುಕಿದರೆ ತಪ್ಪೆನ್ನಲಾಗದು.

ದುಬಾರಿ ನೆಟ್‌ವರ್ಕ್ ಕೇಬಲ್ ಹಾಕಿದರೆ ವೀಣೆಯ ನಾದ ಇಂಪಾಗುತ್ತದೆ ಎಂಬ ನಂಬಿಕೆಯೂ ಕೆಲವರಲ್ಲಿದೆ. ತಂತಿಯಲ್ಲಿ ಹೋಗುವುದು ಅಂಕೆಗಳು. ಆ ಅಂಕೆಗಳ ಪೊಟ್ಟಣ ದಾರಿಯಲ್ಲಿ ಕೆಟ್ಟರೆ ಯಂತ್ರವೇ ಗುರುತಿಸಿ ಮತ್ತೆ ತರಿಸಿಕೊಳ್ಳುತ್ತದೆ. ಇದನ್ನು ಅವರೆದುರು ಹೇಳಬಾರದು.

ಇವರನ್ನು ಸಹಿಸಿಕೊಳ್ಳಲು ಕಾರಣ ಒಂದಿದೆ. ಇವರ ಸರ್ವರಿನ ಒಂದು ಮೂಲೆಯಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಯೊಂದನ್ನು ತೀರಿಹೋದ ತಂದೆ ಕ್ಯಾಸೆಟ್ಟಿಗೆ ಹಿಡಿದದ್ದಿದೆ. ಯಾವ ಕಂಪನಿಯ ಪಟ್ಟಿಯಲ್ಲೂ ಸಿಗದ ಧ್ವನಿಮುದ್ರಣ. ತನಿ ಆವರ್ತನದ ನಡುವೆ ತಂದೆಯ ಕೆಮ್ಮು ಕೇಳಿಸುತ್ತದೆ. ತಂತ್ರಾಂಶ ಆ ಧ್ವನಿಮುದ್ರಣವನ್ನು ನೆಟ್‌ನಲ್ಲೆಲ್ಲ ಹುಡುಕಿ 'ಅಪರಿಚಿತ ಕಲಾವಿದ' ಎಂದು ದಾಖಲಿಸಿತ್ತು. ರಾಗ ಬರೆಯಲು ಜಾಗವೇ ಇರಲಿಲ್ಲ. ಒಂದೊಂದು ಕೀರ್ತನೆಗೂ ರಾಗ, ತಾಳ, ಪಕ್ಕವಾದ್ಯದವರ ಹೆಸರನ್ನು ಕ್ಯಾಸೆಟ್ ಚೀಟಿಯಲ್ಲಿ ತಂದೆ ಬರೆದದ್ದನ್ನು ನೋಡಿ ನೋಡಿ ಇವರೇ ಜಾಗ ಮಾಡಿಕೊಂಡು ತುಂಬಿದ್ದಾರೆ.

ಈ ಸಂಗ್ರಹದ ಇನ್ನೊಂದು ಪ್ರತಿ ಮೈಸೂರಿನ ಅಕ್ಕನ ಮನೆಯ ಬೀರುವಿನಲ್ಲಿ, ಧಾರೆ ಸೀರೆಯ ಕೆಳಗಿದೆ. ಹೊಸದು ಸೇರಿದಾಗಲೆಲ್ಲ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಾರೆ. ನೆಟ್‌ನಲ್ಲೇ ಕಳಿಸಬಹುದಲ್ಲ ಎಂದರೆ, "ನೆಟ್ ನಂಬಿಕೊಂಡು ಕೂರೋಕಾಗುತ್ತಾ?" ಎನ್ನುತ್ತಾರೆ.